ನಮ್ಮ ಹುಡುಗಿಯ ಸೊಂಟ, ಅವರ ಹುಡುಗನ ಸೊಂಟ

ಸಾಂಗ್ಲಿಯ ವಿಶ್ರಾಮಬಾಗದ ನಮ್ಮ ಓಣಿಯಲ್ಲಿ ಭಾನುವಾರ ಬೆಳಿಗ್ಗೆ ಯಾರದೋ ಮನೆಯಿಂದ ಕಾಂದಾಪೋಹೆಯ, ಅಂದರೆ ಈರುಳ್ಳಿ ಅವಲಕ್ಕಿಯ ವಾಸನೆ ಬಂದು, ಬಾಗಿಲಲ್ಲಿ ಪರವೂರಿನ ಗಾಡಿ ನಿಂತಿದ್ದರೆ ಒಳಗೆ ಹೆಣ್ಣು ನೋಡುವ ಕಾರ್ಯಕ್ರಮ ನಡೆದಿದೆ ಎಂದೇ ಲೆಕ್ಕ. ಅವತ್ತು ನಮ್ಮ ಮನೆಯ ಸರದಿ. ನೋಡಲು ಬಂದವರು ಮ್ಹೈಸಾಳದ ಒಬ್ಬ ಕಬ್ಬಿನ ರೈತರು. ನಮ್ಮ ಅರಿಶಿನದ ಅಂಗಡಿಗೆ ಹಳೆಯ ಪರಿಚಯ, ಮನೆಮಂದಿಗೆಲ್ಲ ಕಾಕಾ. ಅವರು ನೋಡಬೇಕಾಗಿದ್ದ ಹುಡುಗಿ ಮಾತ್ರ ನಮ್ಮ ಎರಡು ವರ್ಷದ ಲ್ಯಾಬ್ರಡಾರ್ ನಾಯಿ; ಹುಡುಗ ಅವರ ಮನೆಯ ಗಂಡು ಲ್ಯಾಬ್ರಡಾರ್.

ನನಗಂತೂ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. ಮನೆ ತುಂಬ ಮರಿಗಳು! ಜಿನೆಯ ಮೆಟ್ಟಿಲುಗಳ ಕೆಳಗಿನ ಜಾಗ ಆಗಲೇ ಗುಡಿಸಿಟ್ಟಿದ್ದೆ, ಹಳೆಯ ಸೀರೆಗಳನ್ನು ಮಡಚಿ ಹಾಸಿಗೆಯನ್ನೂ ಮಾಡಿದ್ದೆ. "ನಾಯಿ ನೋಡಾಕ ಬಂದವ್ರಿಗೆ ಎಂಥಾ ಪೋಹೆ" ಎಂದು ಅತ್ತೆ ಗೊಣಗಿದರು. ಗೊಣಗುತ್ತಲೇ ಮೇಲೆ ಹಸಿಕೊಬ್ಬರಿ ಧಾರಾಳವಾಗಿ ಉದುರಿಸಿದರು.

ತಟ್ಟೆ ಖಾಲಿ ಮಾಡಿ ಕಾಕಾ ಕೈ ಒರೆಸಿಕೊಂಡರು. "ಹುಡುಗಿ ಛಲೋ ಅದಾಳ್ರಿ. ಒಮ್ಮೆ ಬಾಗಲತನಕ ನಡಸಿ ತೋರಸ್ರಿ, ಅಕ್ಕಾರ."

ನನ್ನ ಕಿವಿ ಬಿಸಿಯಾಯಿತು. ಮೀರಜಿನ ನನ್ನ ತವರುಮನೆಗೆ ಅತ್ತೆ ಹೆಣ್ಣು ನೋಡಲು ಬಂದಾಗ ಇದೇ ಮಾತು ಆಡಿದ್ದರು: "ಆ ಬಾಗಲತನಕ ಹೋಗಿ ಬಾ ನೋಡೂಣು, ತಂಗಿ." ಸೀರೆಯೊಳಗೆ ಕುಂಟು ಅಡಗಿದೆಯೋ ಎಂದು ನೋಡುವ ರೀತಿ ಅದು. ನಾನು ಹೋಗಿ ಬಂದೆ. ಸಿಟ್ಟು ಮಾತ್ರ ಇನ್ನೂ ಹೋಗಿಲ್ಲ. ಮದುಮಗನನ್ನು ಯಾರೂ ನಡೆಸಲಿಲ್ಲ. ಅವರ ಮೊಣಕಾಲು ಮದುವೆಯ ಮರುವರ್ಷವೇ ಕಟಕಟ ಎನ್ನತೊಡಗಿತು. ನಾನು ಅತ್ತೆಯ ಕಡೆ ನೋಡಿದೆ. ಅವರು ತಟ್ಟೆಗಳನ್ನು ಎತ್ತುವುದರಲ್ಲಿ ಬಹಳ ಮಗ್ನರಾಗಿದ್ದರು.

ನಮ್ಮ ಹುಡುಗಿ ಹಿಂಭಾಗ ತೂಗುತ್ತ ಬಾಗಿಲತನಕ ಹೋಗಿ ಬಂದಳು.

"ನೋಡ್ರಿ, ರಾಣಿ ನಡದಂಗ ನಡೀತಾಳ" ಎಂದರು ಅತ್ತೆ.

ಕಾಕಾನ ಮುಖ ಸಣ್ಣದಾಯಿತು. "ಹಿಂಗ ತೂಗಾಡೂದ ನನಗ ಅಂಜಿಕಿ ರೀ. ನಮ್ಮ ಮೊದಲಿನ ನಾಯಿನೂ ಹಿಂಗ ನಡೀತಿತ್ತು. ಆಮ್ಯಾಲೆ ಹಿಂದಿನ ಕಾಲ ಎಳಕೋತ ಹೋತು. ತೊಡಿ ಎಲುಬಿನ ಗುಂಡು ಸೊಂಟದ ಕುಣ್ಯಾಗ ಸರಿ ಕುಂದ್ರಂಗಿಲ್ರಿ. ಮರಿಗೋಳಿಗೆ ಅದು ತಾಯಿ ಕಡಿಂದ ಬರತೈತಿ. ಎಕ್ಸ್‌ರೇ ತಗಸ್ರಿ, ಆಮ್ಯಾಲೆ ಮಾತು."

ಅವರ ಗಾಡಿ ತಿರುವು ದಾಟುವವರೆಗೆ ಹೇಗೋ ತಡೆದುಕೊಂಡೆ, ಆಮೇಲೆ ಮನಸಾರೆ ಬೈದೆ. ನಮ್ಮ ಹುಡುಗಿಗೆ ಐಬು ಹೇಳಲು ಇವರ್ಯಾರು? ಆದರೆ ಅವಳು ಜಿನೆ ಹತ್ತಿದಾಗಲೆಲ್ಲ ನನ್ನ ಕಣ್ಣು ಅವಳ ಸೊಂಟದ ಮೇಲೆ. ಕಾಲು ಎಳೆಯುವ ಮರಿಗಳನ್ನು ನಾನೇ ಹುಟ್ಟಿಸಿ, ನಾನೇ ಮಂದಿಯ ಮನೆಗೆ ಕಳಿಸುವುದೇ? ಎರಡೇ ದಿನಕ್ಕೆ ಸೋತು ಅವಳನ್ನು ಮೀರಜಿನ ಪ್ರಾಣಿಗಳ ದವಾಖಾನೆಗೆ ಕರೆದೊಯ್ದೆ.

ಸೊಂಟ ರಿಪೇರಿಗೆಂದು ಎಲ್ಲೆಲ್ಲಿಂದಲೋ ಅಜ್ಜಿಯರು ಬರುವ ಊರು ಅದು. ನಾಯಿಯ ಸೊಂಟಕ್ಕೂ ಎಕ್ಸ್‌ರೇ ಇದೆ ಎಂಬುದು ಅಲ್ಲೇ ಹುಟ್ಟಿ ಬೆಳೆದ ನನಗೆ ಗೊತ್ತಿರಲಿಲ್ಲ. ಮಂಪರು ಬರುವ ಸೂಜಿ ಚುಚ್ಚಿ, ಅಂಗಾತ ಮಲಗಿಸಿ, ಹಿಂದಿನ ಎರಡೂ ಕಾಲು ನೆಟ್ಟಗೆ ಚಾಚಿ ಫೋಟೋ ತೆಗೆದರು. ನಾನು ಹೊರಗೆ ನಿಂತು ಗೊತ್ತಿದ್ದ ದೇವರನ್ನೆಲ್ಲ ಕರೆದೆ.

ಡಾಕ್ಟರ್ ನಗುತ್ತಲೇ ಬಾಗಿಲು ತೆಗೆದರು. ಎರಡೂ ಗುಂಡುಗಳು ಕುಣಿಯಲ್ಲಿ ಗಟ್ಟಿಯಾಗಿ ಕೂತಿದ್ದವು, ಡಬ್ಬಿಗೆ ಮುಚ್ಚಳ ಕೂತ ಹಾಗೆ. ಹಾಗಾದರೆ ಆ ತೂಗಾಟ? ಕೊಬ್ಬು! ಅತ್ತೆ ಕದ್ದು ಹಾಕುವ ತುಪ್ಪದ ಚಪಾತಿಯ ಕೊಬ್ಬು. ನಾನು ಅಲ್ಲೇ ಕುಣಿದುಬಿಟ್ಟೆ. ಡಾಕ್ಟರ್ ಮರಾಠಿಯಲ್ಲಿ ಒಂದೇ ಮಾತು ಕೇಳಿದರು: ಹುಡುಗನದು ತೆಗೆಸಿದ್ದಾರೆಯೇ? ಮರಿಗಳಿಗೆ ಅಪ್ಪನ ಕಡೆಯಿಂದಲೂ ಅಷ್ಟೇ ಬರುತ್ತದೆ.

ಮೆಟ್ಟಿಲ ಮೇಲಿಂದಲೇ ಫೋನು ಹಚ್ಚಿದೆ. "ಕಾಕಾ, ನಮ್ಮ ಹುಡುಗಿ ಪಾಸ್ ಆದ್ಳರಿ! ಈಗ ನಿಮ್ಮವನ್ದು ತಗಸ್ರಿ."

"ಅವಂದ್ಯಾಕ್ರಿ? ಹೊಲದ ತುಂಬ ಕುದ್ರಿಯಂಗ ಓಡ್ತಾನ್ರಿ."

"ನಡಸಿ ನೋಡೂದು ಹುಡುಗ್ಯಾರಿಗೆ ಅಷ್ಟ ಏನ್ರಿ?"

ಇಷ್ಟು ವರ್ಷ ಗಂಟಲಲ್ಲಿ ಕೂತಿದ್ದ ಮಾತು ಒಂದೇ ಏಟಿಗೆ ಹೊರಗೆ ಬಿತ್ತು. ಎಂಥ ಹಗುರ ಅನ್ನಿಸಿತು! ಕಾಕಾ "ಆತ್ರಿ" ಎಂದರು.

ಆಡಿದ ಹಾಗೆ ಅವನನ್ನು ಅದೇ ದವಾಖಾನೆಗೆ ಕರೆದುಕೊಂಡೂ ಬಂದರು. ಹುಡುಗನದು ಏನು ರೂಪ! ಹೊಳೆಯುವ ಕಪ್ಪು ಮೈ, ಅಗಲವಾದ ಎದೆ. ಮರಿಗಳು ಕಪ್ಪೋ ಕಂದೋ ಎಂದು ನಾನು ಮತ್ತೆ ಕನಸು ಶುರು ಮಾಡಿದೆ. ಆದರೆ ಅವನ ಎಕ್ಸ್‌ರೇಯಲ್ಲಿ ಕುಣಿಗಳು ಎರಡೂ ಆಳವಿರಲಿಲ್ಲ, ಗುಂಡುಗಳು ಅರ್ಧ ಹೊರಗಿದ್ದವು. ಈಗ ಓಡುತ್ತಾನೆ, ವಯಸ್ಸಾದಂತೆ ನೋವು ಬರಬಹುದು, ಮರಿ ಮಾಡಿಸಬೇಡಿ ಎಂದರು ಡಾಕ್ಟರ್.

ಕಾಕಾ ಬೆಂಚಿನ ಮೇಲೆ ಕುಸಿದು ಅವನ ತಲೆ ಸವರಿದರು. "ಬೇಡಗ ಊರಾನವ್ರೂ ತಮ್ಮ ನಾಯಿಗೆ ಇವನ್ನ ಕೇಳ್ಯಾರ್ರಿ. ಅವ್ರಿಗೂ ಇಲ್ಲ ಅಂತ ಹೇಳ್ತೇನಿ."

ನನ್ನ ಕಣ್ಣು ತುಂಬಿತು. ಹೋಯಿತಲ್ಲ ಮರಿಗಳ ಸಂಭ್ರಮ ಎಂಬ ಸಂಕಟ ಒಂದು ಕಡೆ. ಆ ಕಪ್ಪು ಚೆಲುವನ ನೋವು ಜಿನೆಯ ಕೆಳಗೆ ಹುಟ್ಟಲಿಲ್ಲವಲ್ಲ ಎಂಬ ನೆಮ್ಮದಿ ಇನ್ನೊಂದು ಕಡೆ. ಮನೆಗೆ ಬಂದು ಎಲ್ಲ ಹೇಳಿದೆ, ಫೋನಿನಲ್ಲಿ ಕಾಕಾಗೆ ಅಂದದ್ದನ್ನೂ ಬಿಡಲಿಲ್ಲ. ಅತ್ತೆ ತುಪ್ಪದ ಡಬ್ಬಿಯನ್ನು ಮೇಲಿನ ಹಲಗೆಗೆ ಏರಿಸಿದರು.

ಮುಂದಿನ ವಾರ ನಮ್ಮ ಊರಿನ ಇನ್ನೊಬ್ಬ ಹುಡುಗನ ಕಡೆಯವರ ಫೋನು ಬಂತು, ಭಾನುವಾರ ಬರಲೇ ಎಂದು. ನಾನು ಓಡಿ ಬರುವಷ್ಟರಲ್ಲಿ ಅತ್ತೆ ಫೋನು ಎತ್ತಿ ಆಗಿತ್ತು. ನನ್ನ ಮುಖವನ್ನೇ ನೋಡುತ್ತ ಹೇಳಿದರು:

"ಪೋಹೆ ಆಮ್ಯಾಲೆ ರೀ. ನಮ್ಮ ಮನ್ಯಾಗ ಈಗ ಹುಡುಗನ್ನ ಮೊದಲ ನಡಸ್ತೇವಿ."