ಪಡಸಾಲೆ ಕಂಬದ ಹುತ್ತ

ನಿಮ್ಮ ಅಜ್ಜ ತೀರಿಕೊಂಡಾಗ ನಿಮ್ಮ ಅಪ್ಪ ಮತ್ತು ಅವನ ತಂಗಿ ಇನ್ನೂ ಸಣ್ಣವರು. ಸುಲ್ತಾನ್ ಬಜಾರಿನ ಹಿಂದಿನ ಗಲ್ಲಿಯ ಮನೆಯಲ್ಲಿ ನಾವು ಮೂವರೂ ಮಾಳಿಗೆಯ ಕೋಣೆಯಲ್ಲಿದ್ದೆವು, ಕೆಳಗೆ ನನ್ನ ಅತ್ತೆ ಮಾವ. ನನ್ನ ತವರಿನಲ್ಲಿ ಯಾರೂ ಉಳಿದಿರಲಿಲ್ಲ. ನಿಜಾಮರ ಕಾಲದ ಮನೆ ಅದು. ಕಂಬ, ತೊಲೆ, ಮಾಳಿಗೆಯ ನೆಲ ಎಲ್ಲವೂ ತೇಗದ್ದು.

ಒಂದು ಮಳೆಗಾಲ ಪಡಸಾಲೆಯ ಕಂಬದ ಬುಡದಲ್ಲಿ ಮಣ್ಣು ಎದ್ದಿತು. ಅತ್ತೆ ಅದನ್ನು ಹುತ್ತ ಅಂದರು. ನಾಗಪ್ಪ ತಾನಾಗಿ ಮನೆಗೆ ಬಂದಿದ್ದಾನೆಂದು ಅರಿಶಿನ ಕುಂಕುಮ ಇಟ್ಟು, ವಾರವಾರ ಹಾಲೆರೆದರು. ನಾನು ವಿಧವೆ, ದೂರ ನಿಲ್ಲಬೇಕಿತ್ತು. ಆಮೇಲೆ ನೆಲ ಒರೆಸುವುದು ನನ್ನ ಕೆಲಸ. ಒರೆಸುವಾಗ ಒಂದು ದಿನ ಬೆರಳ ಗೆಣ್ಣಿನಿಂದ ಕಂಬ ಬಡಿದು ನೋಡಿದೆ. ಮೇಲಿನ ಬಣ್ಣ ಹೊಳೆಯುತ್ತಿತ್ತು, ಒಳಗೆ ಟೊಳ್ಳು. ಅದೇ ಕಂಬ ನೆಲ ದಾಟಿ ನಮ್ಮ ಕೋಣೆಯ ಮೂಲೆಯಲ್ಲಿ ಮೇಲೇಳುತ್ತಿತ್ತು. ಆ ಮೂಲೆ ತುಸು ಕುಸಿದು ನಮ್ಮ ಬಾಗಿಲು ಆಗಲೇ ನೆಲಕ್ಕೆ ಉಜ್ಜುತ್ತಿತ್ತು.

"ಅತ್ತಿ, ಅದು ಗೆದ್ದಲ ಇರಬಹುದ್ರಿ," ಅಂದೆ.

"ಕುಂಕುಮ ಹೋದ್ರೂ ನಾಲಿಗಿ ಹೋಗಿಲ್ಲ ನಿನಗ. ದೇವರಿಗೆ ಗೆದ್ದಲ ಅಂತೀಯೇನ?"

ಮಾವನಿಗೂ ಒಮ್ಮೆ ಹೇಳಿ ನೋಡಿದೆ. ಗಲ್ಲಿಯ ಬಡಗಿಗಳೆಲ್ಲ ಮಾದಾಪುರದ ಹೊಸ ಕಂಪ್ಯೂಟರ್ ಕಚೇರಿ ಕಟ್ಟುವ ಕೆಲಸಕ್ಕೆ ಹೋಗಿದ್ದಾರೆ, ಈ ಮುದಿ ಮನೆಗೆ ಯಾರು ಬರುತ್ತಾರೆ ಎಂದು ಪೇಪರ್ ಮಡಚಿದರು. ನಾನು ಮಕ್ಕಳ ಹಾಸಿಗೆಯನ್ನು ದೂರದ ಗೋಡೆಗೆ ಎಳೆದೆ. ಓಡಬೇಡಿ, ಜಿಗಿಯಬೇಡಿ ಅಂದೆ. "ನಾವೇನ ಬೆಕ್ಕೇನವ್ವಾ?" ಅಂದ ನಿಮ್ಮಪ್ಪ.

ಆಮೇಲೆ ಒಂದು ಮಧ್ಯಾಹ್ನ ಹಳೆಯ ಕಟ್ಟಡಗಳ ಸರ್ವೆಗೆ ಒಬ್ಬ ಹೆಣ್ಣುಮಗಳು ಬಂದಳು. ಸಣ್ಣ ಸುತ್ತಿಗೆಯಿಂದ ಒಂದೊಂದೇ ಕಂಬ ಬಡಿದು, ಕಿವಿಗೊಟ್ಟು, ಅನುಮಾನ ಬಂದಲ್ಲಿ ಸ್ಕ್ರೂಡ್ರೈವರ್ ಒತ್ತಿ ನೋಡುತ್ತಿದ್ದಳು. ಆ ಕಂಬದ ಮುಂದೆ ಅತ್ತೆ ಅಡ್ಡ ನಿಂತರು. "ಯೇ ಭಗವಾನ್ ಹೈ." ಅವಳು ಕೈಮುಗಿದು ಮುಂದಿನ ಕಂಬಕ್ಕೆ ಹೋದಳು.

ಹೊರಗಿನವರ ಎದುರು ನಾನು ಬಾಯಿ ಬಿಟ್ಟವಳೇ ಅಲ್ಲ. ಅವಳು ಚಪ್ಪಲಿ ಮೆಟ್ಟುತ್ತಿದ್ದಳು. ಅವಳು ಹೋದರೆ ಇನ್ನು ಯಾರೂ ಬರುವುದಿಲ್ಲ ಅನ್ನಿಸಿತು. ಸೆರಗು ಎಳೆದುಕೊಂಡು ಮೆಟ್ಟಿಲ ಹತ್ತಿರ ಹೋಗಿ, "ಊಪರ್ ಭೀ ಹೈ," ಅಂದೆ. ಮೇಲಿನ ಕಂಬಕ್ಕೆ ಯಾರೂ ಕುಂಕುಮ ಇಟ್ಟಿರಲಿಲ್ಲ.

ಅಲ್ಲಿ ಅವಳು ಒತ್ತಿದ್ದೇ ತಡ, ಸ್ಕ್ರೂಡ್ರೈವರ್ ಮುದ್ದೆಯಲ್ಲಿ ಇಳಿದ ಹಾಗೆ ಹಿಡಿಯವರೆಗೂ ಇಳಿಯಿತು. ಹೊರತೆಗೆದಾಗ ತುದಿಯಲ್ಲಿ ಬಿಳಿ ಹುಳುಗಳು. ಇಲ್ಲಿ ಯಾರು ಮಲಗುತ್ತಾರೆ ಎಂದು ಕೇಳಿದಳು. ನಾನು ಮಕ್ಕಳ ಹಾಸಿಗೆ ತೋರಿಸಿದೆ.

ಕಬ್ಬಿಣದ ಆಸರೆ ಕೊಡುವ ತನಕ ಮೇಲೆ ಯಾರೂ ಇರಬಾರದೆಂದು ಮಾವನಿಗೆ ಹೇಳಿ ಹೋದಳು. ಕಾಪಾಡಬೇಕಾದ ಹಳೆಯ ಕಟ್ಟಡವೆಂದು ಸರ್ಕಾರ ಪಟ್ಟಿಗೆ ಸೇರಿಸಿದ ಮನೆ, ಆಸರೆಗೂ ಅನುಮತಿ ಬೇಕು, ಅದು ಬೇಗ ಬರುವಂಥದ್ದಲ್ಲ.

"ಹುಡುಗರು ನಮ್ಮ ಕೋಣ್ಯಾಗ ಮಲಗಲಿ," ಅಂದರು ಅತ್ತೆ. ಆ ಕೋಣೆ ಹಿತ್ತಲ ಕಡೆಗೆ, ಕಲ್ಲಿನದು. ನಾನೆಲ್ಲಿ ಮಲಗಬೇಕೆಂಬ ಮಾತು ಯಾರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಆವತ್ತು ಊಟವಾದ ಮೇಲೆ ನಿಮ್ಮಪ್ಪ ನನ್ನ ಸೀರೆ ಹಿಡಿದುಕೊಂಡ. "ನೀನೂ ಇಲ್ಲೇ ಮಲಗವ್ವಾ." ಅತ್ತೆ ಬತ್ತಿ ಹೊಸೆಯುತ್ತಲೇ ಇದ್ದರು.

"ಮ್ಯಾಲ ಗಾಳಿ ಭಾಳ ಚಲೋ ಬರತೈತಪ್ಪಾ," ಅಂದು, ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿದೆ.