ಕುಂಕುಮದ ಕೆಳಗಿನ ಕಿಲೋ

ನಾನು ಓದಿದ್ದು ಜಡೆ ಅನ್ನೋ ಊರಿನ ಶಾಲೆಯಲ್ಲಿ, ಮೂರನೇ ಕ್ಲಾಸಿನವರೆಗೆ. ಒತ್ತಕ್ಷರ ಎಲ್ಲಾದರೂ ತಪ್ಪಿದ್ದರೆ ತಿದ್ದಿಕೊಂಡು ಓದಿ. ಆದರೆ ಶಾಖದ ಲೆಕ್ಕದಲ್ಲಿ ಮಾತ್ರ ನನ್ನನ್ನು ಯಾರೂ ತಿದ್ದುವ ಹಾಗಿಲ್ಲ. ಸೆಕೆಂಡಿಗೆ ಇಷ್ಟು ಕ್ಯಾಲೊರಿ ಅಂತಿದ್ದದ್ದನ್ನು ಗಂಟೆಗೆ ಇಷ್ಟು ಕಿಲೋ ಕ್ಯಾಲೊರಿ ಅಂತ ಮಾಡಬೇಕಾದರೆ ಮೂರು ಪಾಯಿಂಟ್ ಆರರಿಂದ ಗುಣಿಸಬೇಕು. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಕಲಿಸಿದವಳು ನನ್ನ ಮೊಮ್ಮಗಳು!

ತೊಂಬತ್ತರ ದಶಕದ ನಡುವಿನ ಮಾತು. ಶಿಕಾರಿಪುರದ ನಮ್ಮ ಮನೆಗೆ ಗ್ಯಾಸ್ ಒಲೆ ಬಂದು ನಾಲ್ಕು ತಿಂಗಳಾಗಿತ್ತು. ಮೊಮ್ಮಗಳು ಒಂಬತ್ತನೇ ಕ್ಲಾಸು. ಶಾಲೆಯಲ್ಲಿ ಹಿಂದಿನ ಬೆಂಚು, ಕೇಳಿದ್ದಕ್ಕೂ ಬಾಯಿ ಬಿಡದ ಹುಡುಗಿ. ಅಂಥವಳನ್ನು ವಿಜ್ಞಾನದ ಮೇಷ್ಟ್ರು ಸೊರಬದಲ್ಲಿ ನಡೆಯುವ ಮಕ್ಕಳ ಪ್ರದರ್ಶನಕ್ಕೆ ಆರಿಸಿದರು. ಕಟ್ಟಿಗೆ ಒಲೆ ಜೋರೋ, ಗ್ಯಾಸ್ ಒಲೆ ಜೋರೋ ಅಂತ ಅಳೆದು ತೋರಿಸಬೇಕು. ಶಾಲೆಯಿಂದ ಒಬ್ಬರಿಗೇ ಜಾಗ. ಅವಳು ಅವತ್ತು ಮನೆಗೆ ಓಡಿಯೇ ಬಂದಳು.

"ಅಜ್ಜಿ, ಕ್ಯಾಲೊರಿ ಅಳೀಬೇಕು, ನಿನ್ನ ಬಚ್ಚಲ ಒಲೆ ಕೊಡು."

"ಅದ್ಯಾವ ಲಾರಿನೇ?"

"ಲಾರಿ ಅಲ್ಲಜ್ಜಿ! ಒಂದು ಗ್ರಾಂ ನೀರು ಒಂದು ಡಿಗ್ರಿ ಬಿಸಿಯಾಗಾಕೆ ಬೇಕಾದ ಶಾಖ."

ಭಾನುವಾರ ಬೆಳಿಗ್ಗೆ ಹಾಲಿನ ಲೀಟರಿನಲ್ಲಿ ಅಳೆದು ಹನ್ನೆರಡು ಲೀಟರ್ ನೀರನ್ನು ಹಂಡೆಗೆ ಹೊಯ್ದೆವು. ಶಾಲೆಯಿಂದ ತಂದ ಥರ್ಮಾಮೀಟರ್ ಅವಳ ಕೈಯಲ್ಲಿ, ಮೆಕ್ಕೆಜೋಳದ ಬೆಂಡು, ಕಟ್ಟಿಗೆ ನನ್ನ ಕೈಯಲ್ಲಿ. ಉರಿ ಸ್ವಲ್ಪ ತಗ್ಗಿತು ಅಂತ ನಾನು ಕೊಳವೆ ತಗೊಂಡೆ.

"ಊದಬೇಡಜ್ಜಿ, ಲೆಕ್ಕ ಕೆಡ್ತೈತೆ!"

"ಊದದಿದ್ರೆ ಬೆಂಕಿನೇ ಕೆಡ್ತೈತಲ್ಲೇ!"

ಇಪ್ಪತ್ತು ನಿಮಿಷಕ್ಕೆ ನೀರು ಐವತ್ತು ಡಿಗ್ರಿ ಏರಿತು. ಹನ್ನೆರಡು ಸಾವಿರ ಗ್ರಾಂ, ಐವತ್ತು ಡಿಗ್ರಿ, ಒಟ್ಟು ಆರು ಲಕ್ಷ ಕ್ಯಾಲೊರಿ. ಇಪ್ಪತ್ತು ನಿಮಿಷಕ್ಕೆ ಸಾವಿರದಿನ್ನೂರು ಸೆಕೆಂಡು. ಭಾಗಿಸಿದರೆ ಸೆಕೆಂಡಿಗೆ ಐನೂರು. ಗ್ಯಾಸ್ ಒಲೆಯದನ್ನು ಅಳೆಯುವುದೇ ಬೇಡ, ತಿರುವುವ ಗುಂಡಿಯ ಪಕ್ಕ ತಗಡಿನ ಪಟ್ಟಿಯಲ್ಲಿ ಗಂಟೆಗೆ ಸಾವಿರದೈನೂರು ಕ್ಯಾಲೊರಿ ಅಂತ ಇಂಗ್ಲಿಷಿನಲ್ಲಿ ಬರೆದೇ ಇತ್ತು. ರಟ್ಟಿನ ಮೇಲೆ ಐನೂರು, ಸಾವಿರದೈನೂರು ಅಂತ ಬರೆದಳು. ಗ್ಯಾಸು ಮೂರು ಪಟ್ಟು ಜೋರು!

ಮರುದಿನ ಮೇಷ್ಟ್ರು ನೋಡಿ, "ಒಂದು ಸೆಕೆಂಡಿಂದು, ಇನ್ನೊಂದು ಗಂಟೆಯದು. ಎರಡನ್ನೂ ಒಂದೇ ಅಳತೆಗೆ ತಗೊಂಬಾ. ನಾಳೆ ಸರಿಯಾಗದಿದ್ರೆ ಬೇರೆಯವರನ್ನ ಕಳಿಸ್ತೀನಿ" ಅಂದರಂತೆ.

ಸಂಜೆ ಪಡಸಾಲೆಯಲ್ಲಿ ಕೂತು ಐನೂರನ್ನು ಮೂರು ಸಾವಿರದ ಆರು ನೂರರಿಂದ ಗುಣಿಸಿದಳು. ಗಂಟೆಗೆ ಹದಿನೆಂಟು ಲಕ್ಷ ಬಂತು. ಗ್ಯಾಸಿನದು ಸಾವಿರದೈನೂರೇ. ಮತ್ತೆ ಗುಣಿಸಿದಳು, ಮತ್ತೆ ಅಷ್ಟೇ.

ನನ್ನ ಮಗ, ಅಂದರೆ ಅವಳ ಅಪ್ಪ, ಅಂಗಡಿಯಿಂದ ಬಂದವನು ಇಣುಕಿ ನೋಡಿದ. "ಅಮ್ಮಾ, ನಿನ್ನ ಒಲೆ ಗ್ಯಾಸಿಗಿಂತ ಸಾವಿರದಿನ್ನೂರು ಪಟ್ಟು ಜೋರಂತೆ! ಅಂಬ್ಲಿಗೊಳ ಡ್ಯಾಮಿನ ನೀರೆಲ್ಲ ಕಾಯಿಸಿಬಿಡು, ಊರಿಗೆಲ್ಲ ಸ್ನಾನ ಆಗ್ಲಿ."

ಹುಡುಗಿ ರಟ್ಟು ಬಿಸಾಕಿ ಅಳುತ್ತಾ ಕೂತಳು. "ನಾ ಹೋಗಲ್ಲ ಬಿಡು. ನಾಳೆ ಬ್ಯಾರೆಯೋರು ಹೋಗ್ತಾರೆ."

ಗುಣಾಕಾರ ನನಗೆ ಬರದು. ಆದರೆ ಎರಡು ಒಲೆಯ ಮುಂದೂ ನಿಂತ ಮೈ ಇದು. ಅಷ್ಟು ವ್ಯತ್ಯಾಸ ಇಲ್ಲ ಅಂತ ಮೈಗೆ ಗೊತ್ತು. ಆಗ ನೆನಪಾಗಿದ್ದು ಸೇರು.

ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ನಾಲ್ಕು ಸೇರು ಅಕ್ಕಿ ಹಾಕು ಅಂದಿದ್ದರು. ಅವರು ಹೇಳಿದ್ದು ಕಚ್ಚಾ ಸೇರು. ನಾನು ಹಾಕಿದ್ದು ತವರಿನಲ್ಲಿ ಕೈಗೆ ರೂಢಿಯಾಗಿದ್ದ ಪಕ್ಕಾ ಸೇರು, ಅದರ ಮೂರು ಪಟ್ಟಿಗೂ ಮೇಲೆ. ಅನ್ನ ಉಕ್ಕಿ ಒಲೆಯೇ ಆರಿತು. ಮಾವ ಎಲೆ ಮುಂದೆ ಕೂತು, "ಸೊಸೆ ದಾಸೋಹ ಇಟ್ಟಾಳೆ, ಬೀದಿಗೆಲ್ಲ ಹೇಳಿ ಬರ್ರೀ" ಅಂದಿದ್ದರು.

ಅದನ್ನು ಹೇಳಿ, "ಕ್ಯಾಲೊರಿಯಲ್ಲೂ ಕಚ್ಚಾ ಪಕ್ಕಾ ಐತೇನೇ?" ಅಂತ ಕೇಳಿದೆ.

"ಐತೆ. ಸಾವಿರ ಕ್ಯಾಲೊರಿ ಸೇರಿದ್ರೆ ಒಂದು ಕಿಲೋ ಕ್ಯಾಲೊರಿ. ಆದ್ರೆ ಪಟ್ಟೀಲಿ ಕಿಲೋ ಇಲ್ಲಜ್ಜಿ. ಬೇಕಾದ್ರೆ ಬಾ, ನೋಡು."

ಇಬ್ಬರೂ ಅಡುಗೆಮನೆಗೆ ಹೋದೆವು. ಅವಳು ಸಾವಿರದೈನೂರರ ಮೇಲೆ ಬೆರಳಿಟ್ಟು ಮುಂದಕ್ಕೆ ಸರಿಸಿದಳು. ಬೆರಳು ನನ್ನ ಕುಂಕುಮದ ಮೇಲೆ ಹಾದು ಹೋಯಿತು. ಒಲೆ ಬಂದ ದಿನ ಪೂಜೆ ಮಾಡಿ, ವಿಭೂತಿ ಬಳಿದು, ಎಣ್ಣೆಯಲ್ಲಿ ಕಲೆಸಿದ ಕುಂಕುಮವನ್ನು ಆ ಪಟ್ಟಿಗೇ ಇಟ್ಟಿದ್ದೆ. ಶುಕ್ರವಾರ ಶುಕ್ರವಾರ ಅದರ ಮೇಲೇ ಮತ್ತೊಂದು ಬೊಟ್ಟು. ಅದು ಹುಣಸೆ ಬೀಜದಷ್ಟು ದಪ್ಪ ಆಗಿತ್ತು.

ಉಗುರಿನಲ್ಲಿ ಕೆರೆದೆ. ಒಳಗಿಂದ ಒಂದು ಇಂಗ್ಲಿಷ್ ಅಕ್ಷರ ಎದ್ದು ಬಂತು, ಒಂದು ಕೋಲು, ಅದಕ್ಕೆ ಒರಗಿದ ಕೈಯೊಂದು ಕಾಲೊಂದು.

"ಕೆ! ಅಜ್ಜಿ, ಕೆ ಐತೆ! ಕಿಲೋ!" ಅಂತ ಕಿರುಚಿ ನನ್ನ ಕುತ್ತಿಗೆಗೇ ಜೋತುಬಿದ್ದಳು. ಹದಿನೆಂಟು ಲಕ್ಷವನ್ನು ಸಾವಿರದಿಂದ ಭಾಗಿಸಿದಳು. ಸಾವಿರದ ಎಂಟು ನೂರು. ಗ್ಯಾಸಿನದು ಸಾವಿರದೈನೂರು. ಎರಡೂ ಅಕ್ಕಪಕ್ಕ ಬಂದು ಕೂತವು. ಮೂರು ಸಾವಿರದ ಆರುನೂರರಿಂದ ಗುಣಿಸಿ ಸಾವಿರದಿಂದ ಭಾಗಿಸೋದೂ ಒಂದೇ, ಮೂರು ಪಾಯಿಂಟ್ ಆರರಿಂದ ಗುಣಿಸೋದೂ ಒಂದೇ ಅಂತ ಅವತ್ತೇ ನನಗೆ ಬಾಯಿಪಾಠ ಮಾಡಿಸಿದಳು. ಮಾರನೇ ದಿನ ಮೇಷ್ಟ್ರು ರಟ್ಟಿಗೆ ಸಹಿ ಹಾಕಿ ಕೊಟ್ಟರು.

ಸೊರಬಕ್ಕೆ ನಾನೂ ಹೋದೆ, ಬೇಡ ಅಂದರೂ ಬಸ್ಸು ಹತ್ತಿದೆ. ಮೂವರು ಪರೀಕ್ಷಕರು ಬಂದು ಅವಳ ರಟ್ಟಿನ ಮುಂದೆ ನಿಂತರು. ನಾನು ಕಂಬದ ಹಿಂದೆ ಸೆರಗು ಹಿಂಡುತ್ತಾ ನಿಂತೆ.

"ನಿಮಿಷದ ಲೆಕ್ಕಕ್ಕೆ ನಿಮ್ಮ ಕಟ್ಟಿಗೆ ಒಲೆ ಎಷ್ಟಮ್ಮ?"

"ಮೂವತ್ತು ಕಿಲೋ ಕ್ಯಾಲೊರಿ ಸರ್."

"ಹಾಗಾದ್ರೆ ಕಟ್ಟಿಗೆ ಒಲೆನೇ ಮೇಲು?"

"ಶಾಖ ಜಾಸ್ತಿ ಸರ್, ಆದ್ರೆ ಊದಾಕೆ ಅಜ್ಜಿ ಬೇಕು."

"ಕಿಲೋ ಬಿಟ್ಟುಹೋದ್ರೆ?"

"ಅಂಬ್ಲಿಗೊಳನೇ ಕಾಯ್ತೈತೆ ಸರ್!"

ಮೂವರೂ ನಕ್ಕರು. ಕಂಬದ ಹಿಂದೆ ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ, ಪಕ್ಕದಲ್ಲಿದ್ದವರನ್ನೇ ಕೇಳಬೇಕು. ಜಿಲ್ಲೆಯ ಪ್ರದರ್ಶನಕ್ಕೆ ಶಿವಮೊಗ್ಗಕ್ಕೆ ಹೋಗುವವರ ಹೆಸರು ಓದಿದಾಗ ಅವಳದೂ ಬಂತು. ಬಸ್ಸಿನಲ್ಲಿ ಶಿಕಾರಿಪುರದವರೆಗೆ ಅವಳು ಮಾತು ನಿಲ್ಲಿಸಲಿಲ್ಲ.

ಆಮೇಲಿನ ಶುಕ್ರವಾರದಿಂದ ಕುಂಕುಮವನ್ನು ಗುಂಡಿಯ ಮೇಲೆ ಇಡುತ್ತೇನೆ. ಪಟ್ಟಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತೇನೆ. ನನಗೆ ಬರುವ ಇಂಗ್ಲಿಷ್ ಅಕ್ಷರ ಅದೊಂದೇ, ಅದು ಮಸುಕಾಗಬಾರದು.