ಒಕುಲ್ಲೊನ ಎರಡನೇ ಜೊತೆ ಚಕ್ರ

ಲಿರಾ ಪೇಟೆ ಮುಗಿದು ಕ್ವಾನಿಯಾ ಸರೋವರದ ದಾರಿ ಶುರುವಾಗುವಲ್ಲಿ ಒಂದು ಮಾವಿನ ಮರವಿತ್ತು. ಅದರ ಕೆಳಗೆ ಎಂಗೋಲ ಕೂರುತ್ತಿದ್ದ. ಬೈಕಿನ ಚಕ್ರಕ್ಕೆ ಕಡ್ಡಿ ಹೆಣೆಯುವುದು, ಬೆಂಡು ತೆಗೆಯುವುದು ಅವನ ಕೆಲಸ. ಇಂಜಿನ್ನು ಮುಟ್ಟುತ್ತಿರಲಿಲ್ಲ. ಅವನ ಹೆಸರು ಹಿಡಿದು ಕರೆಯುವವರು ಕಡಿಮೆ. ಅಲ್ಲಿ ಕೈಕೆಲಸದವರನ್ನೆಲ್ಲ ಕರೆಯುವಂತೆ ಅವನನ್ನೂ ಫುಂಡಿ ಎಂದೇ ಕರೆಯುತ್ತಿದ್ದರು.

ಕೆಲಸ ಕಲಿತದ್ದು ಸೋದರಮಾವನ ಹತ್ತಿರ. ಆಗಿನ್ನೂ ಬಾಡಿಗೆಗೆ ಓಡುತ್ತಿದ್ದವು ಸೈಕಲ್ಲುಗಳು. ಮಾವ ಹೆಚ್ಚು ಮಾತಾಡುವವನಲ್ಲ. ಕಡ್ಡಿಯನ್ನು ಬೆರಳಲ್ಲಿ ಮೀಟಿ "ಕೇಳು" ಅನ್ನುತ್ತಿದ್ದ, ಅಷ್ಟೆ. ಬಿಗಿಯಾದ ಕಡ್ಡಿ ಒಂದು ಥರ ನುಡಿಯುತ್ತದೆ, ಸಡಿಲವಾದದ್ದು ಇನ್ನೊಂದು ಥರ. ಒಂದು ಬದಿಯ ಕಡ್ಡಿಗಳೆಲ್ಲ ಒಂದೇ ಥರ ನುಡಿಯುವವರೆಗೆ ಎಂಗೋಲ ಚಕ್ರವನ್ನು ಕೈಬಿಡುತ್ತಿರಲಿಲ್ಲ.

ಮಾವ ತೀರಿಹೋದ. ಆಮೇಲೆ ಹೆಂಡತಿ ಜ್ವರದಲ್ಲಿ ಹೋದಳು. ಮಕ್ಕಳಾಗಿರಲಿಲ್ಲ. ಮರದ ಹಿಂದೆಯೇ ಅವನ ಗುಡಿಸಲು. ಬೆಳಗ್ಗೆ ಬಂದು ಮರದ ಕೆಳಗೆ ಕೂತರೆ ಹೊತ್ತು ಮುಳುಗಿದಾಗ ಎದ್ದು ಒಳಗೆ ಹೋಗುವುದು. ಗಿರಾಕಿಗಳು ಬರುತ್ತಿದ್ದರು, ಚಕ್ರ ಇಟ್ಟು ಹೋಗುತ್ತಿದ್ದರು. ಕೂತು ಮಾತಾಡುವವರಿರಲಿಲ್ಲ, ಒಕುಲ್ಲೊ ಒಬ್ಬನನ್ನು ಬಿಟ್ಟು.

ಒಕುಲ್ಲೊ ಸರೋವರದಿಂದ ಪೇಟೆಗೆ ಬೈಕಿನಲ್ಲಿ ಮೀನು ಸಾಗಿಸುವವನು. ಹಿಂದೆ ಆಳೆತ್ತರದ ಬುಟ್ಟಿ. ದಾರಿಯ ಗುಂಡಿಗಳಿಗೆ ಬಿದ್ದು ಕಡ್ಡಿ ಮುರಿದಾಗಲೆಲ್ಲ ಬೈಕನ್ನು ತಳ್ಳಿಕೊಂಡು ಬರುತ್ತಿದ್ದ. ರಿಪೇರಿ ಮುಗಿಯುವಾಗ ಸಂಜೆ. ಚಕ್ರವಿಲ್ಲದೆ ಎಲ್ಲಿಗೂ ಹೋಗುವಂತಿಲ್ಲ, ಅಲ್ಲೇ ಉಳಿಯುತ್ತಿದ್ದ. ಎಂಗೋಲ ರಾಗಿ ಮುದ್ದೆ ತಿರುವುತ್ತಿದ್ದ, ಸೊಪ್ಪಿಗೆ ಎಳ್ಳು ಅರೆದು ಹಾಕುತ್ತಿದ್ದ. ಒಕುಲ್ಲೊ ಮಾತಾಡುತ್ತಿದ್ದ. ಯಾರ ದೋಣಿ ಮಗುಚಿತು, ಯಾರ ಬಲೆಯನ್ನು ನೀರಾನೆ ಹರಿಯಿತು, ಯಾರ ಮದುವೆಯ ಮಾತು ಹೆಣ್ಣಿಗೆ ಕೊಡುವ ದನದ ಲೆಕ್ಕದಲ್ಲಿ ಮುರಿಯಿತು. ಎಂಗೋಲ ನಗುತ್ತಿದ್ದ. ಒಕುಲ್ಲೊ ಚಾಪೆಯ ಮೇಲೆ ಮಲಗಿದ್ದು ಬೆಳಗ್ಗೆ ಹೊರಡುತ್ತಿದ್ದ.

ಒಂದು ದಿನ ಅವನು ಬೈಕಿನಿಂದ ಇಳಿಯುವ ಮೊದಲೇ ಹೇಳಿದ:

"ಫುಂಡಿ, ನಂಗೆ ಇನ್ನೊಂದು ಜೊತೆ ಚಕ್ರ ಕಟ್ಟಿಕೊಡು."

"ಇರೋ ಜೊತೆಗೇನಾಯ್ತು?"

"ಏನೂ ಆಗಿಲ್ಲ ಮಾರಾಯ. ಆದಾಗ ಇರ್ಲಿ ಅಂತ. ಮುರೀತಾ, ಬಿಚ್ಚು, ಮನೇಲಿರೋದನ್ನ ಹಾಕು, ಹೊರಡು. ಇಲ್ಲಿ ನಿನ್ನ ಮುಖ ನೋಡ್ಕೊಂಡು ಕೂತ್ರೆ ಮೀನು ಕಾಯುತ್ತಾ? ಹೋದ ಸಲ ಇಡೀ ಬುಟ್ಟಿ ಕೊಳೀತು. ನನ್ನವಳು ಬೈಕಿನ ಜೊತೆ ನನ್ನನ್ನೂ ಹೊರಗೇ ಮಲಗಿಸಿದ್ಲು."

"ಒಳ್ಳೇದು ಮಾಡಿದ್ಲು."

"ನೀನೂ ಅವಳ ಕಡೆನಾ?"

ಎಂಗೋಲ ನಕ್ಕು ಒಪ್ಪಿಕೊಂಡ. ಬೈಕಿನ ಸದ್ದು ದೂರವಾದ ಮೇಲೆ ಅವನಿಗೆ ಹೊಳೆಯಿತು. ಈ ಚಕ್ರ ಕಟ್ಟಿಕೊಟ್ಟರೆ ಒಕುಲ್ಲೊ ಇನ್ನು ಉಳಿಯುವುದಿಲ್ಲ.

ಗುಜರಿಯಲ್ಲಿ ಹುಡುಕಿ ಚಕ್ರದ ನಡುವೆ ಕೂರುವ ಹಬ್ಬು ಎರಡು ತಂದ. ಸೀಮೆಎಣ್ಣೆಯಲ್ಲಿ ನೆನೆಸಿ, ಮರಳಲ್ಲಿ ತಿಕ್ಕಿ ಬೆಳ್ಳಗೆ ಮಾಡಿದ. ರಿಮ್ಮುಗಳನ್ನು ಮಾವಿನ ಕೊಂಬೆಗೆ ತೂಗು ಹಾಕಿದ. ಅವು ಅಲ್ಲೇ ಇದ್ದವು. ಬೇರೆಯವರ ಚಕ್ರಗಳು ಬಂದವು, ಹೋದವು. ಎದುರಿಗೆ ಮರಗೆಣಸು ಸುಟ್ಟು ಮಾರುವ ಅಡೊಂಗ್ ಎಂಬ ಹೆಂಗಸು ಕೂಗಿ ಕೇಳಿದಳು:

"ಏನಪ್ಪ ಫುಂಡಿ, ಅವು ಮರದ್ದೇ ಕಾಯಾ? ಹಣ್ಣಾಗ್ಲಿ ಅಂತ ಬಿಟ್ಟಿದ್ದೀಯಾ?"

"ಕಡ್ಡಿ ಸಿಕ್ಕಿಲ್ಲಕ್ಕ."

ಕಡ್ಡಿ ಸಿಕ್ಕಿತ್ತು. ಕಟ್ಟು ಬಿಚ್ಚದೆ ಗುಡಿಸಲಲ್ಲಿ ಚಾಪೆಯ ಕೆಳಗಿತ್ತು. ಒಕುಲ್ಲೊ ಬಂದು ಕೇಳಿದಾಗಲೂ ಅದನ್ನೇ ಹೇಳಿದ. ಒಕುಲ್ಲೊ ನಂಬಿದ. ಅವನು ನಂಬಿದ್ದೇ ಎಂಗೋಲನಿಗೆ ಚುಚ್ಚಿತು. ಮಾರನೇ ದಿನ ಕಟ್ಟು ಬಿಚ್ಚಿದ.

ಮುಂದಿನ ಚಕ್ರ ಸರಿಯಾಗಿ ಬಂತು. ಹಿಂದಿನದನ್ನು ಹೆಣೆದು ಮುಗಿಸಿ ನೋಡಿದರೆ, ಗಾಳಿ ತುಂಬುವ ತೂತು ಕಡ್ಡಿಗಳು ಒಂದರ ಮೇಲೊಂದು ಹಾಯುವ ಜಾಗದಲ್ಲೇ ಬಂದಿತ್ತು. ಅಲ್ಲಿ ಪಂಪಿನ ಬಾಯಿ ತೂರುವುದಿಲ್ಲ. ಮೊದಲ ಕಡ್ಡಿಯನ್ನೇ ಒಂದು ತೂತು ಆಚೆ ಹಾಕಿಬಿಟ್ಟಿದ್ದ. ಕಲಿಯುವಾಗ ಇದಕ್ಕೇ ಮಾವನಿಂದ ಏಟು ತಿಂದಿದ್ದ, ಆಮೇಲೆ ಎಂದೂ ಮಾಡಿರಲಿಲ್ಲ. ಬೇಜಾರಾಗಬೇಕಿತ್ತು. ಇನ್ನೊಂದು ದಿನ ಸಿಕ್ಕಿತಲ್ಲ ಅನ್ನಿಸಿತು. ಎಲ್ಲ ಬಿಚ್ಚಿ ಮೊದಲಿನಿಂದ ಹೆಣೆದ.

ನೆಲದಲ್ಲಿ ತಲೆಕೆಳಗಾಗಿ ಹೂತ, ಹಳೇ ಬೈಕಿನ ಫೋರ್ಕಿಗೆ ಚಕ್ರ ಸಿಕ್ಕಿಸಿ, ರಿಮ್ಮಿನ ಪಕ್ಕ ತಂತಿ ಹಿಡಿದು ತಿರುಗಿಸಿದ. ಎಲ್ಲಿ ತಾಗಿತೋ ಅಲ್ಲಿ ಬಿಗಿ ಮಾಡಿದ. ಎಲ್ಲೂ ತಾಗದೆ ತಿರುಗತೊಡಗಿದ ಮೇಲೂ ಅವನ ಕೈಯಲ್ಲಿ ಕಡ್ಡಿ ಬಿಗಿಸುವ ಚಾವಿ ಉಳಿದಿತ್ತು. ಒಂದೆರಡು ಕಡ್ಡಿ ಅರ್ಧ ಸುತ್ತು ಸಡಿಲ ಬಿಟ್ಟರೆ ಸಾಕು. ಕೊಡುವಾಗ ಯಾರಿಗೂ ತಿಳಿಯುವುದಿಲ್ಲ. ಸ್ವಲ್ಪ ದಿನ ಓಡಿ ಬೆಂಡಾಗುತ್ತದೆ. ಎರಡು ಜೊತೆಯೂ ಕೆಟ್ಟರೆ ಒಕುಲ್ಲೊ ಇಲ್ಲಿಗೇ ಬರಬೇಕು, ಕೂರಬೇಕು.

ಒಂದು ಕಡ್ಡಿಯನ್ನು ಸಡಿಲಿಸಿದ. ಮೀಟಿದ. ಸತ್ತ ಸದ್ದು ಬಂತು.

ಸರೋವರದ ದಾರಿಯಲ್ಲಿ ಜೌಗಿಗೆ ಇಳಿಯುವ ಇಳಿಜಾರು ಕಣ್ಮುಂದೆ ಬಂತು. ಅಲ್ಲಿ ಒಕುಲ್ಲೊ ಬ್ರೇಕು ಹಿಡಿಯುವವನಲ್ಲ. ಹಿಂದೆ ತುಂಬಿದ ಬುಟ್ಟಿ, ಬಾಯಲ್ಲಿ ಹಾಡು. ಎಂಗೋಲ ಅದೇ ಕಡ್ಡಿಯನ್ನು ತಿರುಗಿ ಬಿಗಿ ಮಾಡಿದ. ಎಲ್ಲವನ್ನೂ ಒಂದೊಂದಾಗಿ ಮೀಟಿ ನೋಡಿದ.

ಒಕುಲ್ಲೊ ಬರುವ ದಿನ ಹೊತ್ತಿಗೆ ಮುಂಚೆಯೇ ಮುದ್ದೆ ಮಾಡಿಟ್ಟ. ಅವನು ಬಂದು, ಚಕ್ರ ತಿರುಗಿಸಿ ನೋಡಿ, ಖುಷಿಯಿಂದ ಎಂಗೋಲನ ಬೆನ್ನಿಗೆ ಗುದ್ದಿದ. ಕೂರಲಿಲ್ಲ.

"ಅಡುಗೆ ಆಗಿದೆ, ಕೈ ತೊಳಿ," ಅಂದ ಎಂಗೋಲ.

"ಇವತ್ತು ಬೇಡ. ಮೀನು ತುಂಬಿಸ್ಕೋಬೇಕು. ಎಲೇಲಿ ಕಟ್ಟಿಕೊಡು, ದಾರೀಲಿ ತಿಂತೀನಿ."

ಎಂಗೋಲ ಬಾಳೆಲೆಯಲ್ಲಿ ಕಟ್ಟಿಕೊಟ್ಟ. "ಹೊಸ ಹೆಣಿಗೆ. ಸ್ವಲ್ಪ ಓಡಿದ್ಮೇಲೆ ಕಡ್ಡಿ ಸಡಿಲ ಆಗುತ್ತೆ. ಒಂದ್ಸಲ ತಂದು ಬಿಗಿ ಮಾಡಿಸ್ಕೋ. ಮರೀಬೇಡ."

"ಮರೀತೀನಾ ಫುಂಡಿ?"

ಅದು ಸುಳ್ಳಲ್ಲ, ಯಾವ ಹೊಸ ಚಕ್ರಕ್ಕಾದರೂ ಹೇಳುವ ಮಾತೇ. ಆದರೂ ಎಂಗೋಲ ಆ ಮಾತನ್ನು ಹಿಡಿದುಕೊಂಡು ದಿನ ನೂಕಿದ. ಒಕುಲ್ಲೊ ಆ ದಾರಿಯಲ್ಲೇ ಹಾದುಹೋಗುತ್ತಿದ್ದ. ಹಾರ್ನು ಹೊಡೆದು ಕೈ ಎತ್ತುತ್ತಿದ್ದ. ಎಂಗೋಲನೂ ಕೈ ಎತ್ತುತ್ತಿದ್ದ. ಅಷ್ಟರಲ್ಲಿ ಬೈಕು ತಿರುವು ದಾಟಿರುತ್ತಿತ್ತು.

ಒಂದು ಮಧ್ಯಾಹ್ನ ಸರೋವರದ ಕಡೆಯಿಂದ ಬಂದ ವ್ಯಾನು ಮರದ ಹತ್ತಿರ ನಿಂತಿತು. ಕ್ಲೀನರ್ ಮೇಲೆ ಹತ್ತಿ ಎರಡು ಚಕ್ರ ಇಳಿಸಿದ.

"ಒಕುಲ್ಲೊ ಕೊಟ್ಟಿದ್ದಾನೆ. ಬಿಗಿ ಮಾಡ್ಬೇಕಂತೆ. ನಾಳೆ ಬೆಳಗ್ಗೆ ನಮ್ಮ ಗಾಡಿಗೇ ಹಾಕು."

"ಅವನು ಬರಲ್ವಾ?"

"ಅವನ್ಯಾಕೆ ಬರ್ತಾನೆ? ಹಳೇ ಜೊತೆ ಹಾಕ್ಕೊಂಡು ಓಡ್ತಾ ಇದ್ದಾನೆ."

ಹಿಂದಿನ ಚಕ್ರದ ಕಡ್ಡಿಗಳ ನಡುವೆ ಚೀಲದ ತುಂಡಿನಲ್ಲಿ ಹೊಗೆಯಾಡಿಸಿದ ಮೀನು ಕಟ್ಟಿತ್ತು. ಹಬ್ಬಿಗೆ ದಡದ ಬೂದು ಕೆಸರು ಮೆತ್ತಿತ್ತು. ಎಂಗೋಲ ಕೆಸರು ತೊಳೆದ. ಕಡ್ಡಿಗಳು ಇಷ್ಟೇ ಇಷ್ಟು ಸಡಿಲಾಗಿದ್ದವು. ಚೆನ್ನಾಗಿ ಕೂತಿತ್ತು ಹೆಣಿಗೆ. ಬಿಗಿ ಮಾಡುವ ಕೆಲಸ ಬಿಸಿಲು ಇಳಿಯುವ ಮೊದಲೇ ಮುಗಿಯಿತು. ಮೀನಿನ ಸಾರು ಮಾಡಿ ಉಂಡ. ರುಚಿಯಾಗಿತ್ತು.

ಬೆಳಗ್ಗೆ, ಮೀನು ಇದ್ದ ಜಾಗದಲ್ಲೇ ಅರೆದ ಎಳ್ಳಿನ ಉಂಡೆಯನ್ನು ಎಲೆಯಲ್ಲಿ ಸುತ್ತಿ ಕಟ್ಟಿದ. ಕ್ಲೀನರ್ ಚಕ್ರಗಳನ್ನು ಮೇಲಕ್ಕೆ ಎಳೆದುಕೊಂಡು ಕೇಳಿದ:

"ಅವನಿಗೇನಾದ್ರೂ ಹೇಳ್ಬೇಕಾ?"

ಡ್ರೈವರ್ ಹಾರ್ನು ಹೊಡೆದ.

"ಮುಂದಿನ ಚಕ್ರ ಬಿಗಿ ಆಗಿದೆ ಅನ್ನು," ಅಂದ ಎಂಗೋಲ. "ಹಿಂದಿನದೂ."

ವ್ಯಾನು ಹೋಯಿತು. ಎಂಗೋಲ ಮರದ ಕೆಳಗೆ ಬಂದು ಕೂತ. ಫೋರ್ಕು ಖಾಲಿ ಇತ್ತು.